ಕೋಲು ಅಡ್ಡವಿಟ್ಟ ಸ್ಟೂಲು

ಬೂಸೆಲ್ಹಾಮ್‌ನ ತಳ್ಳುಗಾಡಿ ನಿಲ್ಲುವುದು ಲರಾಶ್ ಪೇಟೆಯ ಹಳೆ ಕೋಟೆಬಾಗಿಲ ಪಕ್ಕ. ಗಾಡಿಯ ಮೇಲೆ ದೊಡ್ಡ ಹಂಡೆ, ಹಂಡೆಯಲ್ಲಿ ಸೋಂಪು, ಜ್ಯೇಷ್ಠಮಧು, ಕಹಿ ಕಿತ್ತಳೆ ಸಿಪ್ಪೆ ಹಾಕಿ ಕುದಿಸಿದ ಬಸವನಹುಳು. ಚಿಪ್ಪಿನೊಳಗಿನದನ್ನು ಪಿನ್ನಿನಿಂದ ಎಳೆದು ತಿಂದು, ಕೊನೆಗೆ ಬಟ್ಟಲೆತ್ತಿ ಸಾರು ಕುಡಿಯಬೇಕು. ಅವಸರದವರ ತಿಂಡಿಯಲ್ಲ ಅದು. ನಮಾಜಿಗೆ ಹೋಗುವಾಗ ಅವನು ಪೇಟೆಯ ಎಲ್ಲರಂತೆ ಗಾಡಿಗೆ ಒಂದು ಕೋಲು ಅಡ್ಡವಿಟ್ಟು ಹೋಗುತ್ತಿದ್ದ. ಕೋಲು ಇದೆ ಎಂದರೆ ಆ ಜಾಗದವರು ಬಂದೇ ಬರುತ್ತಾರೆ ಎಂದರ್ಥ. ಕಳ್ಳನೂ ಅದನ್ನು ಮುಟ್ಟುವುದಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಮಾತೆಂಬುದೇ ಇರಲಿಲ್ಲ. ಬೆಳಿಗ್ಗೆ ನಲ್ಲಿಯ ಸದ್ದು, ಸಂಜೆ ಪಕ್ಕದ ಮನೆಯ ಟಿವಿ. ಮನುಷ್ಯರೊಂದಿಗೆ ಮಾತೇನಿದ್ದರೂ ಗಾಡಿಯ ಬಳಿಯೇ. ಗಾಡಿಯ ಮುಂದೆ ಒಂದು ಸ್ಟೂಲಿತ್ತು, ಅದು ಹೆಚ್ಚುಕಡಿಮೆ ತಾಮುವಿನದೇ. ಗೌರವಕ್ಕೆ ಅವನು ಆಕೆಯನ್ನು 'ಲಾಲ್ಲಾ' ಎನ್ನುತ್ತಿದ್ದ, ಆಕೆ ಅವನನ್ನು 'ಸಿ' ಎನ್ನುತ್ತಿದ್ದಳು. ಆಕೆಯೂ ಒಂಟಿ ವಿಧವೆ, ಮೊಣಕಾಲು ನೋವಿನವಳು. ಮಧ್ಯಾಹ್ನ ಇಳಿದ ಮೇಲೆ ಬಂದು ಕೂತರೆ ಬೇಗ ಏಳುತ್ತಿರಲಿಲ್ಲ.

"ಇವತ್ತು ಸೋಂಪು ಜಾಸ್ತಿ ಆಯ್ತು, ಸಿ ಬೂಸೆಲ್ಹಾಮ್. ಕೈ ತಪ್ಪಿತೋ, ತಲೆ ಕೆಟ್ಟಿತೋ?"

"ನಿಮ್ಮ ನಾಲಿಗೆ ಕೆಟ್ಟಿರ್ಬೇಕು, ಲಾಲ್ಲಾ. ಬಟ್ಟಲು ಮಾತ್ರ ಖಾಲಿಯಾಗಿದೆ."

ಇಷ್ಟೇ. ಇಷ್ಟರಲ್ಲೇ ಅವನ ದಿನ ತುಂಬುತ್ತಿತ್ತು.

ಆಮೇಲೆ ನಗರಸಭೆಗೆ ರಸ್ತೆಯನ್ನು ಚೆಂದ ಮಾಡುವ ಹುಕಿ ಬಂತು. ಒಂದೊಂದು ಗಾಡಿಗೂ ನೆಲದ ಮೇಲೆ ಹಳದಿ ಚೌಕ ಬರೆದರು. ಗಾಡಿ ಚೌಕದಾಚೆ ಬರುವಂತಿಲ್ಲ, ಗಿರಾಕಿಗಳಿಗೆ ಕೂರಲು ಏನೂ ಹಾಕುವಂತಿಲ್ಲ, ಕೊಂಡವರು ಕಾಗದದ ಲೋಟ ಹಿಡಿದು ಮುಂದೆ ಸಾಗಬೇಕು. ಬಸವನಹುಳುವನ್ನು ನಡೆಯುತ್ತಾ ತಿನ್ನುವುದು ಹೇಗೆಂದು ಮಾತ್ರ ನಿಯಮ ಬರೆದ ಪುಣ್ಯಾತ್ಮರು ಹೇಳಲಿಲ್ಲ.

ತಾಮು ಬಂದಳು, ಸ್ಟೂಲಿಲ್ಲದ ಜಾಗ ನೋಡಿದಳು, ಗೋಡೆಗೊರಗಿ ಸ್ವಲ್ಪ ಹೊತ್ತು ನಿಂತಳು. ಮೊಣಕಾಲು ಒಪ್ಪಲಿಲ್ಲ. "ಇನ್ನೊಂದಿನ ಬರ್ತೀನಿ" ಎಂದು ಹೋದವಳು ಬರಲಿಲ್ಲ.

ಬೂಸೆಲ್ಹಾಮ್ ನಿಯಮ ಮೀರುವ ಆಸಾಮಿಯಲ್ಲ. ಚೌಕ ಕೈತಪ್ಪಿದರೆ ಅವನಿಗೆ ಹೋಗಲು ಬೇರೆ ಜಾಗವೇ ಇಲ್ಲ. ನಗರಸಭೆಯಿಂದ ತಪಾಸಣೆಗೆ ಬರುವ ಜವಾದ್ ಇದೇ ಪೇಟೆಯಲ್ಲಿ ಬೆಳೆದವನು. ಅವನನ್ನೇ ಹಿಡಿದು ಕೇಳಿದ.

"ಕೂರೋಕೆ ಏನಾದ್ರೂ ದಾರಿ ಇದ್ಯೇನಪ್ಪಾ?"

"ಗಿರಾಕಿಗಳಿಗಿಲ್ಲ ಕಾಕಾ. ಗಾಡಿ ಹಿಂದೆ ಒಬ್ರು ಸಹಾಯಕರು ಇರ್ಬಹುದು, ಅವರಿಗೆ ಸ್ಟೂಲ್ ಹಾಕ್ಬಹುದು. ಹೆಸರು ಬರೆಸಿದ್ರೆ ಸಾಕು." ಜವಾದ್ ಹುಬ್ಬು ಕುಣಿಸಿದ. "ಯಾಕೆ, ಯಾರಾದ್ರೂ ಮನಸ್ಸಲ್ಲಿದಾರಾ?"

"ನಿನ್ನ ಕೆಲ್ಸ ನೋಡ್ಕೋ ಹೋಗು."

ಹಾಗೆಂದರೂ ಬೂಸೆಲ್ಹಾಮ್‌ನ ಕಿವಿ ಕೆಂಪಾಗಿತ್ತು. ಮರುದಿನ ಬೆಳಿಗ್ಗೆ ಒಗೆದ ನಿಲುವಂಗಿ ತೊಟ್ಟು ತಾಮುವಿನ ಬಾಗಿಲು ತಟ್ಟಿದ.

"ಲಾಲ್ಲಾ, ಒಂದು ಉಪಾಯ ಸಿಕ್ಕಿದೆ. ನಿಮ್ಮನ್ನ ಸಹಾಯಕಿ ಅಂತ ಬರೆಸ್ತೀನಿ. ಕೆಲ್ಸ ಏನೂ ಇಲ್ಲ. ಗಾಡಿ ಹಿಂದ್ಗಡೆ ಆರಾಮಾಗಿ ಕೂತ್ಕೊಳ್ಳಿ. ಯಾರಾದ್ರೂ ಬಂದ್ರೆ ಒಂದೆರಡು ಪಾತ್ರೆ ಒರೆಸೋ ಹಾಗೆ ಮಾಡಿದ್ರಾಯ್ತು."

ತಾಮು ಹೊಸ್ತಿಲಲ್ಲೇ ನಿಂತು ಹೇಳಿದಳು.

"ಚಿಕ್ಕೋಳಿದ್ದಾಗಿಂದ ಊರವರ ಮದುವೆಮನೆಗಳಲ್ಲಿ ಪಾತ್ರೆ ತೊಳೆದೋಳು ನಾನು. ಹಿಂದ್ಗಡೆ ಕೂತು ಉಳಿದಿದ್ದು ತಿಂದೋಳು. ನನ್ನನ್ನ ಮುಂದೆ ಕೂರಿಸಿ ಎರಡೂ ಕೈಯಲ್ಲಿ ಬಟ್ಟಲು ಕೊಟ್ಟೋರು ನೀವೊಬ್ರೇ. ನೀವೂ ಹಿಂದ್ಗಡೆ ಬಾ ಅಂತೀರಾ?"

"ನಾನು ಹಾಗಂದ್ಕೊಂಡಿರ್ಲಿಲ್ಲ."

"ಗೊತ್ತು. ಕೋಪ ಇಲ್ಲ, ಹೋಗ್ಬನ್ನಿ."

ಬಾಗಿಲು ಮೆಲ್ಲಗೆ ಮುಚ್ಚಿತು. ನೀವಿಲ್ಲದೆ ನನಗೆ ಹೊತ್ತು ಹೋಗುತ್ತಿಲ್ಲ ಎನ್ನಬೇಕಿದ್ದವನು ನಗರಸಭೆಯ ಮಾತಾಡಿ ಬಂದಿದ್ದ. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ವ್ಯಾಪಾರವೇನೋ ಚೆನ್ನಾಗಿಯೇ ನಡೆಯಿತು. ಪಡ್ಡೆಗಳು ಫೋನಿನಲ್ಲಿ ಮಾತಾಡುತ್ತಲೇ ಲೋಟ ಕೊಂಡು ಹೋಗುತ್ತಿದ್ದರು. ಒಂದು ದಿನ ಅವನು ಬೇಕೆಂದೇ ಸೋಂಪನ್ನು ಎರಡು ಪಟ್ಟು ಸುರಿದ. ಹಂಡೆ ಖಾಲಿಯಾಯಿತು. ಯಾರೂ ಒಂದು ಮಾತು ಬೈಯಲಿಲ್ಲ. ಅಂದು ಅವನಿಗೆ ಅಳು ಬಂತು.

ಮಾರನೆಯ ದಿನ ಸ್ಟೂಲನ್ನು ಮನೆಯಿಂದ ಹೊತ್ತು ತಂದ. ಹಿಂದೆ ಹಾಕಲಿಲ್ಲ, ಗಾಡಿಯ ಮುಂದೆ, ಹಳದಿ ಗೆರೆಯಾಚೆ, ಮೊದಲಿದ್ದಲ್ಲೇ ಹಾಕಿ ಅದರ ಮೇಲೆ ಕೋಲು ಅಡ್ಡವಿಟ್ಟ.

ಜವಾದ್ ಬಂದು ನಿಂತ. "ಸಹಾಯಕರದಾ ಕಾಕಾ ಇದು?"

ಹೂಂ ಎಂದಿದ್ದರೆ, ಹಿಂದಕ್ಕೆ ಸರಿಸಿದ್ದರೆ, ಮುಗಿಯುತ್ತಿತ್ತು.

"ಅಲ್ಲ. ಗಿರಾಕೀದು."

"ಹೀಗ್ಮಾಡಿದ್ರೆ ಚೌಕ ಹೋಗತ್ತೆ ನಿಮ್ದು."

"ಗೊತ್ತು."

ಸ್ಟೂಲು ಎತ್ತಲು ಜವಾದ್ ಬಗ್ಗಿದ. ಕೋಲು ಕಂಡಿತು, ಕೈ ಹಿಂದೆಗೆದುಕೊಂಡ. ಎಷ್ಟಾದರೂ ಈ ಪೇಟೆಯವನು.

"ಯಾವಾಗ ಬರ್ತಾರೆ ಅವರು?"

"ಇನ್ನೂ ಕರೆದಿಲ್ಲ," ಎಂದ ಬೂಸೆಲ್ಹಾಮ್. "ಮುಂದೆ ಜಾಗ ಮಾಡ್ದೆ ಯಾವ ಮುಖ ಇಟ್ಕೊಂಡು ಕರೀಲಿ?"

ಜವಾದ್ ನಾಳೆ ಬರುತ್ತೇನೆಂದು ಮುಂದಿನ ಗಾಡಿಗೆ ಹೋದ. ಬೂಸೆಲ್ಹಾಮ್ ಪಿಂಗಾಣಿ ಬಟ್ಟಲೊಂದನ್ನು ತೊಳೆದು ಒರೆಸಿದ. ತಾಮುವಿನ ಬಾಗಿಲನ್ನು ಮತ್ತೆ ತಟ್ಟುವ ಧೈರ್ಯ ಮಾತ್ರ ಬರಲಿಲ್ಲ. ಸಂಜೆಯಾದರೂ ಕೋಲು ಸ್ಟೂಲಿನ ಮೇಲೆಯೇ ಇತ್ತು.