ಇನ್ನೂರ ಐವತ್ತೈದರ ಆಚೆ

ಧಾರವಾಡದಲ್ಲಿ ಗಣಿತದ ಬಿ.ಎಸ್ಸಿ. ಮುಗಿಸಿದ ಶಕುಂತಲಾ ಮದುವೆಯಾಗಿ ಅಹಮದಾಬಾದಿಗೆ ಬಂದದ್ದು ೧೯೬೧ರಲ್ಲಿ. ಗಂಡ ಕೇಶವ ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಮೀಟರು ನೋಡಿ ಬರೆದುಕೊಳ್ಳುವ ಗುಮಾಸ್ತ. ಮಣಿನಗರದ ಎರಡು ಕೋಣೆಯ ಮನೆಯಲ್ಲಿ ಮೂರು ವರ್ಷ ಕಳೆದ ಮೇಲೆ ಅವಳಿಗೆ ಊರಿನ ಸಂಶೋಧನಾಲಯವೊಂದರಲ್ಲಿ ಲೆಕ್ಕದ ಸಹಾಯಕಿಯ ಕೆಲಸ ಸಿಕ್ಕಿತು.

ವಿದೇಶದ ಉಪಗ್ರಹವೊಂದು ಉತ್ತರ ಧ್ರುವದ ಸುತ್ತ, ಧ್ರುವಪ್ರಭೆಯ ಹಸಿರು ಬೆಳಕು ಆಡುವ ಪ್ರದೇಶದ ಮೇಲೆ ಹಾಯುವಾಗ, ಅಲ್ಲಿ ಸುರಿಯುವ ಎಲೆಕ್ಟ್ರಾನುಗಳನ್ನು ಎಣಿಸುತ್ತಿತ್ತು. ಆ ಎಣಿಕೆಗಳ ಅಚ್ಚಾದ ಹಾಳೆಗಳು ಟಪಾಲಿನಲ್ಲಿ ಬರುತ್ತಿದ್ದವು. ಶಕುಂತಲಾ ಅವನ್ನು ಕೈತಿರುವಿನ ಯಂತ್ರದಲ್ಲಿ ಲೆಕ್ಕ ಹಾಕಿ ಗ್ರಾಫಿನಲ್ಲಿ ಚುಕ್ಕಿ ಇಡಬೇಕು. ವಿಭಾಗದ ವಿಜ್ಞಾನಿ ನಂಜುಂಡ ಮೈಸೂರಿನವರು, ಮಾತು ಕಡಿಮೆ. ಏರುತ್ತಿರುವ ಅಂಕಿಗಳ ನಡುವೆ ಒಂದು ಒಮ್ಮೆಲೇ ಕುಸಿದರೆ ಅದು ಉಪಗ್ರಹದ ರೇಡಿಯೊ ಸಂಕೇತದಲ್ಲಿ ಸೇರಿದ ಗದ್ದಲ, ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿ ಎಂದು ಮೊದಲ ದಿನವೇ ಹೇಳಿದ್ದರು.

ಎರಡು ತಿಂಗಳು ಹೊಡೆದುಹಾಕಿದಳು. ಆದರೆ ಮನಸ್ಸಿಗೆ ಒಪ್ಪಲಿಲ್ಲ. ನೂರ ಎಂಬತ್ತು, ಇನ್ನೂರ ಮೂವತ್ತು, ಆಮೇಲೆ ಹನ್ನೆರಡು, ಅರವತ್ತೊಂದು, ಇಪ್ಪತ್ತು, ಮತ್ತೆ ಇನ್ನೂರ ನಲವತ್ತು. ಗದ್ದಲವಾದರೆ ಎಲ್ಲೆಂದರಲ್ಲಿ ಬರಬೇಕು. ಇದು ಎಣಿಕೆ ಜೋರಾಗಿರುವಲ್ಲೇ ಬರುತ್ತಿತ್ತು.

ಒಂದು ಸಂಜೆ ಕೇಶವ ಚಹಾ ಕುಡಿಯುತ್ತ ಗಿರಣಿಯ ಜಗಳ ಹೇಳಿದ. ಹೊಸ ಮೇಲ್ವಿಚಾರಕ ಮೀಟರಿನಲ್ಲಿ ನಲವತ್ತು ಎಂದಿರುವುದನ್ನು ನೋಡಿ, ಮಗ್ಗ ನಿಲ್ಲಿಸಿ ಕೂತಿದ್ದೀಯ ಎಂದು ನೇಕಾರನನ್ನು ಬೈದನಂತೆ. ಮೀಟರು ತುಂಬಿ ಸೊನ್ನೆಯಿಂದ ಮತ್ತೆ ಶುರುವಾಗಿತ್ತು, ಅಷ್ಟೆ.

ಶಕುಂತಲಾ ಮರುದಿನ ಹಳೆಯ ಹಾಳೆಗಳನ್ನೆಲ್ಲ ತೆಗೆಸಿದಳು. ಹನ್ನೊಂದು ಸಾವಿರ ಅಂಕಿಗಳಲ್ಲಿ ಒಂದೂ ಇನ್ನೂರ ಐವತ್ತೈದನ್ನು ದಾಟಿರಲಿಲ್ಲ. ಹೊಡೆದುಹಾಕಿದ ಅಂಕಿಗಳಿಗೆ ಇನ್ನೂರ ಐವತ್ತಾರು ಕೂಡಿಸಿ ಚುಕ್ಕಿ ಇಟ್ಟಾಗ, ಮುರಿದಿದ್ದ ಗೆರೆ ಗುಡ್ಡದಂತೆ ನಯವಾಗಿ ಏರಿ ಇಳಿಯಿತು. ಆ ಗ್ರಾಫನ್ನು ನಂಜುಂಡರ ಮೇಜಿಗೆ ಒಯ್ದಳು.

"ಸರ್, ಇವು ತಪ್ಪಲ್ರಿ. ಎಣಿಕಿ ತುಂಬಿ ತಿರುಗಿ ಸೊನ್ನಿಗೆ ಬಂದದ," ಎಂದಳು.

ನಂಜುಂಡ ಗ್ರಾಫನ್ನು ಹತ್ತಿರಕ್ಕೆಳೆದು ಗೆರೆಯ ಮೇಲೆ ಬೆರಳಾಡಿಸಿದರು. ಧ್ರುವಪ್ರಭೆಯ ಪಟ್ಟಿಯ ನಡುವೆ ಕಣಗಳು ವಿರಳವಾಗುತ್ತವೆ ಎಂದು ಅವರು ಲೇಖನ ಬರೆದು ಆಗಲೇ ಪತ್ರಿಕೆಗೆ ಕಳಿಸಿಬಿಟ್ಟಿದ್ದರು. ನಡುವಿನ ದೊಡ್ಡ ಎಣಿಕೆಗಳು ಹೊಡೆದುಹೋಗಿ ಉಳಿದ ಸಣ್ಣವುಗಳ ಸರಾಸರಿಯಷ್ಟೇ ನಿಂತಿತ್ತು; ಆ ವಿರಳತೆ ಹುಟ್ಟಿದ್ದೇ ಕೆಂಪು ಪೆನ್ಸಿಲಿನಿಂದ.

"ಎಷ್ಟು ಹೊಡೆದಿದ್ದೀರಿ?"

"ಆರುನೂರರ ಮ್ಯಾಲೆ."

"ಹೊಡೀರಿ ಅಂದೋನು ನಾನು. ಲೇಖನ ವಾಪಸ್ ತರಿಸ್ತೀನಿ. ಉಪಗ್ರಹ ಮಾಡಿದೋರಿಗೂ ಬರೆದು ಕೇಳೋಣ."

ಆಮೇಲೆ ಆರು ವಾರ ಅವರು ಅವಳೊಡನೆ ಹೆಚ್ಚು ಮಾತಾಡಲಿಲ್ಲ. ಕೆಲಸ ಹೋಯಿತೆಂದೇ ಅವಳು ಭಾವಿಸಿದ್ದಳು. ಕೊನೆಗೆ ಉತ್ತರ ಬಂತು: ಉಪಗ್ರಹದ ಎಣಿಕೆಯಂತ್ರದ ಮಿತಿ ಇನ್ನೂರ ಐವತ್ತೈದೇ, ಅದರಾಚೆ ಮತ್ತೆ ಸೊನ್ನೆ, ಅದನ್ನು ತಿಳಿಸುವ ಹಾಳೆ ಕಟ್ಟಿನಲ್ಲಿ ಸೇರಿಸಲು ಮರೆತಿದ್ದರು. ನಂಜುಂಡ ಕಾಗದವನ್ನು ತಾವೇ ಅವಳ ಮೇಜಿಗೆ ತಂದಿಟ್ಟು ಹೋದರು.

ಏಳು ತಿಂಗಳು ಎಲ್ಲವನ್ನೂ ಮೊದಲಿನಿಂದ ಮಾಡಿದಳು. ೧೯೬೬ರಲ್ಲಿ ಹೊಸ ಲೇಖನ ಅಚ್ಚಾದಾಗ ನಂಜುಂಡರ ಹೆಸರಿನ ಪಕ್ಕ ಅವಳದೂ ಇತ್ತು. ಕೇಶವ ಆ ಪುಟವನ್ನು ಗಿರಣಿಗೆ ಒಯ್ದು ತೋರಿಸಿ ಬಂದ.

ಎರಡು ವರ್ಷದ ನಂತರ ಅವನಿಗೆ ವಡೋದರೆಯಲ್ಲಿ ಕೆಲಸವಾಗಿ, ಸಂಸಾರ ಅಲ್ಲಿನ ಗೋರ್ವಾ ಬಡಾವಣೆಗೆ ಹೋಯಿತು. ಶಕುಂತಲಾ ಸಂಶೋಧನಾಲಯ ಬಿಟ್ಟಳು. ಬಿಟ್ಟದ್ದಕ್ಕೆ ಕೆಲವು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಲೇಖನದ ಪ್ರತಿ ಹಿಡಿದು ಹತ್ತಿರದ ಶಾಲೆಗೆ ಹೋಗಿ ಕೆಲಸ ಕೇಳಿದಳು. ಮುಖ್ಯೋಪಾಧ್ಯಾಯಿನಿ ಅದನ್ನು ತಿರುವಿ ಹಾಕಿ, ಇದರಲ್ಲಿ ತಮಗೇನೂ ತಿಳಿಯುವುದಿಲ್ಲ ಎಂದು ನಕ್ಕು, ಎಂಟನೆಯ ತರಗತಿಯ ಗಣಿತ ಕೊಟ್ಟರು.