ಏಳು ಗೋಡೆಗಳ ಮೇಲಿನ ಮುಖ

...ಅಥವಾ ಅದು ನವಸಾಗರದ ವಾಸನೆಯೇ ಆಗಿರಲಿಕ್ಕಿಲ್ಲ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ನವಸಾಗರ ಯಾಕಿರುತ್ತದೆ? ನೀರಿನ ಬಕೆಟ್ಟಿಗೆ ಬಿದ್ದು ಸತ್ತಿದ್ದ ನನ್ನ ಫೋನನ್ನು ಅಂಗಡಿಯವನು ಬಿಚ್ಚಿಟ್ಟುಕೊಂಡಿದ್ದ. ಬೆಸುಗೆಯ ಕಡ್ಡಿಯನ್ನು ಕಾಯಿಸಿ ಅದರೊಳಗೆ ಎಲ್ಲೋ ಮುಟ್ಟಿಸಿದ. ಒಂದು ಎಳೆ ಬಿಳಿ ಹೊಗೆ ಎದ್ದು, ಮೂಗಿಗೆ ಚುರ್ರೆಂದು ಹತ್ತಿ, ಕಣ್ಣಲ್ಲಿ ನೀರು ಬಂತು. ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಚಾಚಾ ನೆನಪಾದರು. ಅವರು ಕಾದ ತಾಮ್ರದ ಮೇಲೆ ನವಸಾಗರದ ಪುಡಿ ಉದುರಿಸಿದಾಗ ಏಳುತ್ತಿದ್ದ ಹೊಗೆಗೂ ಇದೇ ವಾಸನೆ ಇತ್ತು ಎಂದು ಆ ಕ್ಷಣಕ್ಕೆ ಅನಿಸಿತು. ಈಗ ಬರೆಯಲು ಕುಳಿತಾಗ ಅನಿಸುತ್ತಿಲ್ಲ. ನೆನಪಿಗೆ ಒಂದು ನೆಪ ಬೇಕಾಗಿತ್ತು, ಸಿಕ್ಕಿದ ಹೊಗೆಯನ್ನು ಹಿಡಿದುಕೊಂಡಿತು, ಅಷ್ಟೇ ಇರಬಹುದು.

ಚಾಚಾ ನಮ್ಮ ಓಣಿಗೆ ಬರುವ ಮೊದಲೇ ನಮ್ಮ ಮನೆಗೆ ಬಂದಿದ್ದರು. ಅದನ್ನು ಸ್ವಲ್ಪ ವಿವರಿಸಬೇಕು.

ನನಗೆ ಛಾಯಾಚಿತ್ರಗಳನ್ನು ಕೊಳ್ಳುವ ಹುಚ್ಚಿದೆ. ನಾನು ತೆಗೆದವಲ್ಲ, ಬೇರೆಯವರು ತೆಗೆದವು. ದಪ್ಪ ಹತ್ತಿಯ ಕಾಗದದ ಮೇಲೆ ಮುದ್ರಿಸಿ, ಕೆಳಗೆ ಪೆನ್ಸಿಲಿನಲ್ಲಿ ಸಹಿ ಹಾಕಿ, ಇಂತಿಷ್ಟೇ ಪ್ರತಿ, ಇನ್ನು ಮುಂದೆ ತೆಗೆಯುವುದಿಲ್ಲ ಎಂಬ ಮಾತಿನೊಡನೆ ಗ್ಯಾಲರಿಗಳು ಮಾರುವ ಕಪ್ಪು ಬಿಳುಪಿನ ಚಿತ್ರಗಳು. ಕೊಪ್ಪಳದ ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು ಇಂಥದ್ದಕ್ಕೆ ಸಂಬಳ ಸುರಿಯುತ್ತಾಳೆ ಎಂದರೆ ಕೇಳಿದವರು ಮಾತು ಬದಲಿಸುತ್ತಾರೆ. ನನ್ನ ಅತ್ತೆ ಮಾತು ಬದಲಿಸುವವರಲ್ಲ. ಭಾಗ್ಯನಗರದ ನಮ್ಮ ಮನೆಗೆ ನಾನು ಮೊದಲು ತಂದದ್ದು ಒಂದು ಬಂಡೆಯ ಚಿತ್ರ. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕಲ್ಲಿನ ಫೋಟೋಕ್ಕ ರೊಕ್ಕ ಕೊಟ್ಟಿಯೇನ? ಬಾಗಲಾ ತಗದು ನಿಂತ್ರ ಬರೇ ಕಲ್ಲs ಕಾಣತಾವಲ್ಲವಾ ಈ ಊರಾಗ," ಅಂದಿದ್ದರು.

ಆಮೇಲೆ ತಂದದ್ದು ಒಂದು ಮುಖ. ಹೊಗೆಯ ಹಿಂದೆ ಒಬ್ಬ ವಯಸ್ಸಾದವರು. ತಲೆಗೆ ಸುತ್ತಿದ ಬಟ್ಟೆ, ಬಿಳಿ ಗಡ್ಡ, ಕಣ್ಣು ಅರ್ಧ ಮುಚ್ಚಿ ಏನನ್ನೋ ಕೆಳಗೆ ನೋಡುತ್ತಿದ್ದರು. ಚಿತ್ರಕ್ಕೆ 'ಹೊಗೆ' ಎಂದಷ್ಟೇ ಹೆಸರಿತ್ತು. ಊರಿಲ್ಲ, ಮನುಷ್ಯನ ಹೆಸರಿಲ್ಲ. ಏಳು ಪ್ರತಿಗಳಲ್ಲಿ ಒಂದು ನನ್ನದು. ಆ ಹೊಗೆಯಲ್ಲಿ ಬೂದು ಬಣ್ಣ ಎಷ್ಟು ಬಗೆಯಾಗಿ ಕರಗಿದೆ ಎಂದು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಆ ಮುಖ ಯಾರದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅತ್ತೆ ಯೋಚಿಸಿದರು. ಅವರ ಲೆಕ್ಕದಲ್ಲಿ ಪಡಸಾಲೆಯ ಗೋಡೆಗೆ ಏರಬಹುದಾದವರು ಇಬ್ಬರೇ, ದೇವರು ಮತ್ತು ತೀರಿಕೊಂಡ ಹಿರಿಯರು. ಬಂದು ಹೋಗುವವರೆಲ್ಲ ಚಿತ್ರದ ಮುಂದೆ ನಿಂತು, "ಇವರು ಯಾರ್ರಿ?" ಎಂದು ಕೇಳುತ್ತಿದ್ದರು. ಗೊತ್ತಿಲ್ಲದವರನ್ನು ಗೋಡೆಗೆ ಹಾಕಿದ್ದೇವೆ ಎಂದು ಹೇಳುವುದು ಅತ್ತೆಗೆ ಅವಮಾನ. ಕೆಲವು ದಿನ ತಡವರಿಸಿ, ಕೊನೆಗೊಂದು ದಿನ, "ನಮ್ಮ ತವರಮನಿ ಕಡೆಯವರು, ಅಳವಂಡಿಯ ಹಿರೇರು," ಅಂದುಬಿಟ್ಟರು. ಅಲ್ಲಿಂದ ಅವರು ಅಳವಂಡಿಯ ಹಿರಿಯರಾದರು. ಸುಳ್ಳು ಹೇಳಿದವರೇ ಅದನ್ನು ನಂಬುವುದಕ್ಕೆ ಎಷ್ಟು ದಿನ ಬೇಕಾಯಿತೋ ಗೊತ್ತಿಲ್ಲ. ಆ ವರ್ಷ ಹಿರಿಯರಿಗೆ ಎಡೆ ಹಿಡಿಯುವ ಅಮಾವಾಸ್ಯೆಯ ಬೆಳಿಗ್ಗೆ ನಾನು ಎದ್ದು ಬಂದಾಗ ಅತ್ತೆ ಸ್ಟೂಲಿನ ಮೇಲೆ ನಿಂತಿದ್ದರು. ಮಾವನವರ ಫೋಟೋಕ್ಕೆ ಹಾರ ಹಾಕಿ ಆಗಿತ್ತು. ಈಗ ನನ್ನ 'ಹೊಗೆ'ಗೆ ಚಂಡುಹೂವಿನ ಹಾರ ಹಾಕುತ್ತಿದ್ದರು. ಗಾಜಿನ ಮೇಲೆ ಹಣೆಗೆ ಸರಿಯಾಗಿ ಮೂರು ಬೆರಳಿನ ವಿಭೂತಿ.

ನಾನು ತಡೆಯಲಿಲ್ಲ. ಫೋನ್ ತೆಗೆದು ಒಂದು ಫೋಟೋ ಹೊಡೆದೆ. ಹಾರ, ವಿಭೂತಿ, ಚೌಕಟ್ಟಿನ ಅಂಚಿನಲ್ಲಿ ಅತ್ತೆಯ ಬಳೆಯ ಕೈ. ನನ್ನ ಹಾಗೆಯೇ ಚಿತ್ರ ಕೊಳ್ಳುವವರ ಒಂದು ಗುಂಪಿದೆ. ಅದರಲ್ಲಿ ಹಾಕಿ, "ನನ್ನ ಸಂಗ್ರಹಕ್ಕೆ ಪೂಜೆ ಶುರುವಾಗಿದೆ," ಎಂದು ಬರೆದೆ. ಎಲ್ಲರೂ ನಗುವ ಮುಖಗಳನ್ನು ಕಳಿಸಿದರು. ನನಗೆ ಖುಷಿಯಾಯಿತು. ಅದು ಮಾತ್ರ ಚೆನ್ನಾಗಿ ನೆನಪಿದೆ, ಖುಷಿಯಾದದ್ದು.

ಹೂವು ಇನ್ನೂ ಪೂರ್ತಿ ಬಾಡಿರಲಿಲ್ಲ. ದಸರೆಗೆ ಪಾತ್ರೆ ಬೆಳಗುವ ದಿನಗಳು. ಓಣಿಯಲ್ಲಿ "ಕಲಾಯೀ..." ಎಂಬ ಕೂಗು ಕೇಳಿತು. ಚಾಚಾ ಮೊಪೆಡ್ಡಿಗೆ ತಿದಿ, ಇದ್ದಿಲಿನ ಚೀಲ ಕಟ್ಟಿಕೊಂಡು ಯಲಬುರ್ಗಾ ಕಡೆಯಿಂದ ಬಂದಿದ್ದರು. ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರ ಸವರಿಕೊಡುವ ಅವರಂಥವರು ಈಗ ಅಪರೂಪ. ಅತ್ತೆ ಓಡಿಹೋಗಿ ಕರೆದರು. "ಸಾಬ್ರ, ಹಂಡೆ ಭಾಳ ವಜ್ಜ ಐತಿ. ಒಳಗ ಬಂದು ನೀವs ಒಯ್ರಿ."

ಇಲ್ಲಿ ನನ್ನ ನೆನಪು ಎರಡಾಗಿ ಒಡೆಯುತ್ತದೆ. ಒಂದರಲ್ಲಿ ಚಾಚಾ ಪಡಸಾಲೆಯ ನಡುವೆ ಬಂದು, ಗೋಡೆ ನೋಡಿ, ನಿಂತುಬಿಡುತ್ತಾರೆ. ಇನ್ನೊಂದರಲ್ಲಿ ಅವರು ನೋಡುವುದೇ ಇಲ್ಲ, ಹಂಡೆ ಎತ್ತಿ ತಿರುಗಿದವರ ಮುಖ ನೋಡಿ ಅತ್ತೆ ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಎರಡರಲ್ಲಿ ಯಾವುದೋ. ಮಾತುಗಳು ಮಾತ್ರ ಒಂದೇ ಇವೆ.

"ಅಕ್ಕಾರ, ಇಂವ ನಾನs ಅಲ್ಲೇನ್ರಿ?"

"ಅಯ್ಯ ಶಿವನs! ಜೀವಂತ ಮನಶ್ಯಾಗ ಹಾರ ಹಾಕೀನಲ್ಲೋ ಯಪ್ಪಾ..." ಅತ್ತೆ ಸ್ಟೂಲು ಹುಡುಕತೊಡಗಿದರು.

"ಇರ್ಲಿ ಬಿಡ್ರಿ ಅವ್ವಾರ. ಬೀಳತೀರಿ. ಚಂದ ಕಾಣಾಕತ್ತೈತಿ. ಸತ್ತಮ್ಯಾಲೆ ನಮ್ಮಾಗ ಹಿಂಗ ಹಾಕಂಗಿಲ್ಲ, ಇದ್ದಾಗs ಹಾಕಿಸ್ಕೊಂಡಂಗಾತು." ನಂತರ ಗಾಜಿನ ಮೇಲಿನ ವಿಭೂತಿ ನೋಡಿ, "ಯಾವೂರ ಹಿರೇರ ಮಾಡೀರ್ರಿ ನನ್ನ?" ಎಂದು ಕೇಳಿದರು.

"ಅಳವಂಡಿ," ಎಂದು ಅತ್ತೆ ತಲೆ ತಗ್ಗಿಸಿ ಹೇಳಿದರು.

"ಛಲೋ ಊರು."

ಅವರು ನಕ್ಕರು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನಕ್ಕಿದ್ದು ಅತ್ತೆ ಇರಬಹುದು. ಚಾಚಾ ಹೇಳಿದ್ದು ಇಷ್ಟು: ಹೇಮಗುಡ್ಡದಲ್ಲಿ ಒಂದು ಮದುವೆಯ ಅಡುಗೆಯ ಕೊಪ್ಪರಿಗೆಗಳಿಗೆ ಕಲಾಯಿ ಹಾಕುತ್ತಿದ್ದಾಗ ಕ್ಯಾಮೆರಾದವನೊಬ್ಬ ಬಂದು ಎದುರಿಗೆ ಗಪ್ಪನೆ ಕುಳಿತಿದ್ದ. ಫೋಟೋ ಕಳಿಸುತ್ತೇನೆ ಅಂದಿದ್ದ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಎಲ್ಲಿಗೆ ಕಳಿಸುತ್ತಾನೆ ಎಂದು ಇವರೂ ಕೇಳಲಿಲ್ಲ.

"ನಿಮ್ಮ ಮನಿಗಿ ಹೆಂಗ ಬಂದೆರಿ ನಾನು?"

ಕೊಂಡುಕೊಂಡೆ ಎಂದು ಹೇಳಲು ಬಾಯಿ ಬರಲಿಲ್ಲ. ಬೇರೇನೋ ವಿವರಿಸತೊಡಗಿದೆ. ಇಂಥ ಚಿತ್ರಗಳನ್ನು ಲೆಕ್ಕವಿಟ್ಟು ತೆಗೆಯುತ್ತಾರೆ, ಇದರ ಏಳೇ ಪ್ರತಿಗಳಿವೆ, ಒಂದೊಂದು ಒಬ್ಬೊಬ್ಬರ ಮನೆಯಲ್ಲಿರುತ್ತದೆ... ಚಾಚಾ ಹಂಡೆಯನ್ನು ಸೊಂಟಕ್ಕೆ ಆನಿಸಿಕೊಂಡು ಪೂರ್ತಿ ಕೇಳಿದರು.

"ಏಳು ಮನ್ಯಾಗ ಅದೀನೇನ್ರಿ ನಾನು?" ಅಂದರು. ಹಂಡೆಯನ್ನು ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡು, "ಏಳೂ ಮನ್ಯಾಗ ಹಾರ ಹಾಕ್ಯಾರೇನ್ರಿ?"

ಅಂಗಳದಲ್ಲಿ ಕುಳಿತು ಹಂಡೆಗೆ ಕಲಾಯಿ ಹಾಕಿಕೊಟ್ಟು ಹೋದರು. ಹೊಗೆ ಎದ್ದಾಗ ನಾನು ಒಳಗಿದ್ದೆ. ನಾನು ದಿನವೂ ನೋಡುತ್ತಿದ್ದ ಹೊಗೆ ನನ್ನ ಅಂಗಳದಲ್ಲೇ ಎದ್ದಿತ್ತು, ಹೊರಗೆ ಹೋಗಿ ನೋಡಲು ಮುಖ ಇರಲಿಲ್ಲ.

ಆ ಮೇಲೆ ಆ ಗೋಡೆಯ ಕಡೆ ನೋಡುವುದೇ ಕಷ್ಟವಾಯಿತು. ಅತ್ತೆ ಹಾರ ತೆಗೆದು ಗಾಜು ಒರೆಸಿದ್ದರು. ಆದರೂ ನನಗೆ ಮೂರು ಗೆರೆ ಕಾಣುತ್ತಿತ್ತು. ಒಬ್ಬ ಮನುಷ್ಯನನ್ನು ಅವನಿಗೆ ತಿಳಿಯದಂತೆ ಕೊಂಡು, ಸಾಯಿಸಿ, ನಗೆಯಾಡಿದ್ದೆ. ಚಿತ್ರ ಇಳಿಸಿದೆ. ಗ್ಯಾಲರಿಗೆ ಫೋನ್ ಮಾಡಿದೆ. ಹೈದರಾಬಾದಿನ ಒಬ್ಬರು ಕಾಯುತ್ತಲೇ ಇದ್ದರಂತೆ. ದಸರೆ ಮುಗಿಯುವುದರೊಳಗೆ ಚಿತ್ರ ಹೋಗಿಯೂ ಬಿಟ್ಟಿತು. ಚಾಚಾನ ಮೇಲಿನ ಗೌರವದಿಂದ ಹಾಗೆ ಮಾಡಿದೆ ಎಂದು ಮನೆಯಲ್ಲಿ ಹೇಳಿದೆ. ಅತ್ತೆ ಮಾತ್ರ, "ಅವರು ತಗೀ ಅಂದಿದ್ರೇನ?" ಎಂದು ಕೇಳಿದರು.

ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಚಾಚಾ ನಿಂತಿದ್ದರು. ತಿದಿ ಇಲ್ಲ, ಇದ್ದಿಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಣ್ಣಿಗೆ ಸುರ್ಮಾ. ಪಕ್ಕದಲ್ಲಿ ಅವರ ಹೆಂಡತಿ, ಮೊಪೆಡ್ಡಿನ ಮೇಲೆ ಅಷ್ಟು ದೂರ ಕುಳಿತು ಬಂದು ಸೊಂಟ ಹಿಡಿದುಕೊಂಡಿದ್ದರು.

"ಅಕ್ಕಾರ, ತ್ರಾಸ ಕೊಡಾಕ ಬಂದೀವ್ರಿ," ಎನ್ನುತ್ತ ಒಳಗೆ ಬಂದ ಚಾಚಾ ಹೆಂಡತಿಗೆ ಗೋಡೆ ತೋರಿಸಲು ಕೈ ಎತ್ತಿದರು. ಗೋಡೆಯ ಮೇಲೆ ಮೊಳೆ ಇತ್ತು.

ಕೈ ಹಾಗೇ ಸ್ವಲ್ಪ ಹೊತ್ತು ಮೇಲಿತ್ತು.

"ಅದು... ಈಗ ಇಲ್ಲ ಚಾಚಾ," ಅಂದೆ. "ಹೈದರಾಬಾದಿನವರಿಗೆ ಕೊಟ್ಟೆ."

"ನೋಡ್ರಿ ಅವ್ವಾರ," ಹೆಂಡತಿ ನನ್ನ ಬಿಟ್ಟು ಅತ್ತೆಯ ಕಡೆ ತಿರುಗಿದರು. "ದೊಡ್ಡೋರ ಮನ್ಯಾಗ ನನ್ನ ಫೋಟೋ ಐತಿ, ಇಷ್ಟೆತ್ತರ ಐತಿ ಅಂತ ಇವರು ಮನ್ಯಾಗ ಒಂದs ಸವನ ಹೇಳಾಕತ್ತಾರ. ಸೊಸೆಂದಿರು ಸೆರಗ ಬಾಯಿಗಿ ಹಿಡದು ನಗತಾರ. ಇದ್ದಿಲಿನಂಥಾ ಮಾರೀದು ಯಾರರ ಫೋಟೋ ಹಾಕ್ತಾರೇನು ಅಂತ ನಾನೂ ಅಂದೆ. ಹಂಗಾರ ನೀನರ ಬಂದು ನೋಡು, ನೋಡಿ ಅವರಿಗಿ ಹೇಳು ಅಂತ ಕರಕೊಂಡ ಬಂದ್ರು."

ಅದಕ್ಕೇ ಬಂದಿದ್ದರು. ಒಬ್ಬ ಸಾಕ್ಷಿಯನ್ನು ಕರೆದುಕೊಂಡು. ನಾನು ಅವರ ಮಾನ ಉಳಿಸಲು ಖಾಲಿ ಮಾಡಿದ ಗೋಡೆಯ ಮುಂದೆ ಅವರು ಸುಳ್ಳುಗಾರರಾಗಿ ನಿಂತಿದ್ದರು.

"ಹೈದರಾಬಾದಿಗಿ ಹೋದೆನಂತ ನೋಡು," ಎಂದು ಚಾಚಾ ಹೆಂಡತಿಗೆ ಹೇಳಿದರು.

"ಹೋಗ್ರಿ, ಹೋಗ್ರಿ. ಕುಷ್ಟಗಿ ಸಂತೀಗಿ ಕರಕೊಂಡ ಹೋಗ್ರಿ ಅಂದ್ರ ಮೊಣಕಾಲ ಬ್ಯಾನಿ ಅಂತೀರಿ."

ಚಾಚಾ ನನ್ನ ಕಡೆ ನೋಡಿದರು. "ಮೊಬೈಲ್‌ನ್ಯಾಗರ ಇರಬೇಕಲ್ರಿ ಅಕ್ಕಾರ? ಈಗ ಎಲ್ಲಾ ಅದರಾಗs ಇರತೈತಿ."

ಫೋನ್ ನನ್ನ ಕೈಯಲ್ಲೇ ಇತ್ತು. ಅದರಲ್ಲಿ ಆ ಚಿತ್ರದ ಒಂದೇ ಒಂದು ಫೋಟೋ ಇತ್ತು, ಹಾರ ಹಾಕಿದ್ದು. ಹಾರದ ಸಂಗತಿ ಅವರು ಮನೆಯಲ್ಲಿ ಹೇಳಿದ್ದರೋ ಇಲ್ಲವೋ ನನಗೆ ತಿಳಿದಿರಲಿಲ್ಲ. ಗಂಡನ ಮುಖಕ್ಕೆ ಸತ್ತವರ ಹಾರ ಹಾಕಿದ್ದನ್ನು ಆ ಹೆಂಗಸಿಗೆ ಹೇಗೆ ತೋರಿಸಲಿ? ಹಾಗೆ ಯೋಚಿಸಿದೆ ಎಂದು ಬರೆಯುತ್ತಿದ್ದೇನೆ. ಆದರೆ ತೋರಿಸಿದರೆ ನಾನು ಅದನ್ನು ಯಾಕೆ ಹೊಡೆದುಕೊಂಡಿದ್ದೆ ಎಂಬುದೂ ಕಾಣುತ್ತಿತ್ತು. ಯಾವುದಕ್ಕೆ ಅಂಜಿದೆನೋ...

"ಇಲ್ಲ ಚಾಚಾ. ತೆಗೆದಿಲ್ಲ," ಅಂದೆ.

ಅತ್ತೆ ನನ್ನನ್ನೇ ನೋಡಿದರು. ಆ ಫೋಟೋದಲ್ಲಿ ಅವರ ಕೈ ಇತ್ತು. ಆಮೇಲೆ ಚಾಚಾನ ಹೆಂಡತಿಯ ಕೈ ಹಿಡಿದು ಕೂರಿಸಿದರು.

"ಇತ್ತವ್ವಾ. ನನ್ನ ಗಂಡನ ಫೋಟೋದ ಬಾಜೂಕs ಇತ್ತು. ದಿನಾ ನೋಡೀನಿ ನಾ. ತಲಿಗಿ ಹಿಂಗ ಸುತ್ತಿದ್ರು, ಎಡಕ್ಕ ಸ್ವಲ್ಪ ಜಾರಿತ್ತು. ಹುಬ್ಬಿನ್ಯಾಗ ಇಲ್ಲೊಂದು ಗಾಯದ ಗೆರಿ. ಗಡ್ಡ ಈ ಮಗ್ಗಲ ತುಸು ಕಮ್ಮಿ. ಕೆಳಗಿನ ತುಟಿ ಒಳಗ ಕಚ್ಕೊಂಡಿದ್ರು, ಕೆಲಸ ಮಾಡೂ ಮುಂದ ಕಚ್ಕೋತಾರಲ್ಲ, ಹಂಗ."

ಅತ್ತೆ ಒಂದೊಂದು ಹೇಳಿದಂತೆ ಆಕೆ ಒಂದೊಂದನ್ನು ಗಂಡನ ಮುಖದ ಮೇಲೆ ಹುಡುಕಿ ನೋಡುತ್ತಿದ್ದರು. ಚಾಚಾ ಅಲುಗದೆ ನಿಂತಿದ್ದರು, ಫೋಟೋ ತೆಗೆಸಿಕೊಳ್ಳುವವರ ಹಾಗೆ. ಆ ಹುಬ್ಬಿನ ಗೆರೆಯನ್ನು ನಾನು ಚಿತ್ರದಲ್ಲಿ ಕಂಡಿದ್ದೆನೇ? ಬೂದು ಬಣ್ಣದ ಬಗೆಗಳನ್ನು ಕಂಡಿದ್ದೆ.

"ಹೌದ್ರಿ," ಅಂದರು ಆಕೆ ಕೊನೆಗೆ. "ಇವೆಲ್ಲಾ ಇದರಾಗೂ ಅದಾವು." ತಮ್ಮ ಭಾಷೆಯಲ್ಲಿ ಗಂಡನಿಗೆ ಏನೋ ಹೇಳಿದರು. ಚಾಚಾ ನೆಲ ನೋಡಿದರು. ಅತ್ತೆ ಮಾಡಿಕೊಟ್ಟ ಚಹಾ ಕುಡಿದು ಹೋದರು.

ಮರುವರ್ಷ ದಸರೆಗೆ ಕೂಗು ಕೇಳಲಿಲ್ಲ. ಅದರ ಮರುವರ್ಷವೂ ಇಲ್ಲ. ಗಂಗಾವತಿಯ ಪಾತ್ರೆ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಿದೆ. "ಯಾವ ಕಲಾಯಿ ಸಾಬ್ರು? ಹೆಸರೇನ್ರಿ?" ಎಂದು ಕೇಳಿದರು. ಕ್ಯಾಮೆರಾದವನ ಹಾಗೆ ನಾನೂ ಹೆಸರು ಕೇಳಿರಲಿಲ್ಲ. ಒಬ್ಬ ಅಂಗಡಿಕಾರರು ಅಂಥವರೊಬ್ಬರು ಕೆಮ್ಮು ಹೆಚ್ಚಾಗಿ ಕೆಲಸ ಬಿಟ್ಟರು ಅಂದರು. ಅದು ಇವರೇ ಎಂದು ಹೇಗೆ ಹೇಳುವುದು?

ಅತ್ತೆ ಹೋಗಿ ವರ್ಷವಾಯಿತು. ಆ ಚಿತ್ರದ ಮುಖವನ್ನು ಗೆರೆ ಗೆರೆಯಾಗಿ ನೆನೆದು ಹೇಳಬಲ್ಲವರು ಅವರೊಬ್ಬರೇ ಇದ್ದರು. ಈಗ ಅದೇ ಮೊಳೆಯ ಮೇಲೆ ಅವರ ಫೋಟೋ ಇದೆ. ಸ್ಟುಡಿಯೋದವರು ಮುಖದ ಗೆರೆಗಳನ್ನೆಲ್ಲ ಅಳಿಸಿ ನುಣ್ಣಗೆ ಮಾಡಿಕೊಟ್ಟಿದ್ದಾರೆ. 'ಹೊಗೆ'ಯ ನಂತರ ನಾನು ಯಾರ ಮುಖವನ್ನೂ ಕೊಂಡಿಲ್ಲ. ಕಲ್ಲುಗಳನ್ನು ಕೊಳ್ಳುತ್ತೇನೆ.

ರಿಪೇರಿ ಅಂಗಡಿಯವನು ಫೋನ್ ಮುಚ್ಚಿ ಗುಂಡಿ ಒತ್ತಿದ. ಬೆಳಕು ಬಂತು. "ಫೋಟೋ ಎಲ್ಲಾ ಉಳದಾವ್ರಿ ಮೇಡಂ," ಎನ್ನುತ್ತ, ಹಳೆಯವು ಸರಿಯಾಗಿವೆಯೇ ನೋಡಲು ಬೆರಳಿನಿಂದ ಸರಸರನೆ ಹಿಂದಕ್ಕೆ ಸರಿಸಿದ. ಒಂದು ಕಡೆ ನಿಂತಿತು. ಚಂಡುಹೂವು, ಬಳೆಯ ಕೈ, ವಿಭೂತಿಯ ಹಿಂದೆ ಆ ಮುಖ. ಹುಬ್ಬಿನ ಗೆರೆ ಹುಡುಕಿದೆ. ಗಾಜಿನ ಹೊಳಪು ಸರಿಯಾಗಿ ಅಲ್ಲೇ ಬಿದ್ದಿತ್ತು.

"ನಿಮ್ಮ ಮನಿ ಹಿರೇರೇನ್ರಿ?"

ನಾನು ಹೂಂ ಅಂದೆ.

ಅಂದು ದಾರಿಯುದ್ದಕ್ಕೂ ಚಾಚಾನ ಹೆಂಡತಿ ಗಂಡನನ್ನು ನಂಬಿಕೊಂಡು ಹೋದರೋ, ಅತ್ತೆಯ ಮುಖ ನೋಡಿ ಸುಮ್ಮನೆ ಹೌದು ಅಂದಿದ್ದರೋ ತಿಳಿಯದು. ಚಾಚಾ ಈಗ ಇದ್ದಾರೋ ಇಲ್ಲವೋ ಅದೂ ತಿಳಿಯದು. ಆ ಫೋಟೋದೊಳಗಿನ ಹಾರ ಇನ್ನೂ ತಪ್ಪಾಗಿಯೇ ಇದೆಯೋ, ನಡುವೆ ಯಾವತ್ತೋ ಸರಿಯಾಗಿಬಿಟ್ಟಿದೆಯೋ, ನನಗೆ ಗೊತ್ತಿಲ್ಲ.