ಅರ್ಧ ಬುಟ್ಟಿ ಮಣ್ಣು

ಕೂಸನ್ನು ಬಿಸಿಲಿನಲ್ಲಿ ಮಲಗಿಸಿದ್ದಾಳೆಂದು ನಾನು ನೀಲವ್ವನನ್ನು ಅಂಗಳಕ್ಕೆ ಕರೆದು ಬೈಯುತ್ತಿದ್ದೆ. ಬೈಗುಳ ಇನ್ನೂ ಅರ್ಧಕ್ಕಿತ್ತು. ಆಗ ಮಾಳಿಗೆ ಬಿತ್ತು.

ಮೊದಲು ಕ್ವಾರಿಯಲ್ಲಿ ಮದ್ದು ಹಾರಿಸಿದರೆಂದೇ ತಿಳಿದೆ. ಇಳಕಲ್ಲಿನಲ್ಲಿ ಇದ್ದವರಿಗೆ ಆ ಸದ್ದು ಹೊಸದಲ್ಲ. ಆದರೆ ಕ್ವಾರಿಯ ಸದ್ದಿಗೆ ನಮ್ಮ ಮನೆಯ ಬಾಗಿಲಿನಿಂದ ಧೂಳು ಹೊರಬರುವುದಿಲ್ಲವಲ್ಲ? ಬೂದಿ ಬಣ್ಣದ ಧೂಳು, ಒಳಗಿನಿಂದ ಯಾರೋ ನೂಕುತ್ತಿರುವಂತೆ ಬಂತು. ಅದು ಇಳಿದ ಮೇಲೆ ನೋಡಿದರೆ, ಮುಂದಿನ ಕೋಣೆಯಲ್ಲಿ ಆಕಾಶ ಕಾಣುತ್ತಿತ್ತು. ನೀಲವ್ವನ ಮಗ್ಗದ ಮೇಲೆ ಎದೆ ಎತ್ತರದ ಮಣ್ಣು. ಅದರ ನಡುವೆ ಮುರಿದ ತೊಲೆ.

ಎರಡು ವಾರದ ಹಿಂದಿನವರೆಗೆ ಕೂಸಿನ ತೊಟ್ಟಿಲು ತೂಗುತ್ತಿದ್ದುದು ಅದೇ ತೊಲೆಗೆ.

ಇದಾಗಿ ಐದು ದಿನವಾಯಿತು. 

ನೀಲವ್ವ ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿರುವ ನೇಕಾರ ಹೆಂಗಸು. ಗಂಡ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಹೋಗುತ್ತಾನೆ. ಇವಳು ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಾಳೆ. ಕೂಸಿಗೆ ಆರು ತಿಂಗಳು. ಅವಳ ಲಾಳಿಯ ಸದ್ದು ಕೇಳುತ್ತ ನಾನು ಪೇಪರ್ ಓದುತ್ತೇನೆ. ಲಾಳಿ ನಿಂತರೆ ಏನಾಯಿತೆಂದು ತಲೆ ಎತ್ತುತ್ತೇನೆ. (ನಿವೃತ್ತ ಟೀಚರ್‌ಗೆ ಬೇರೆ ಕೆಲಸವೇನಿದೆ?)

ಮಣ್ಣಿನ ಮಾಳಿಗೆ ಕಾಣದ ಓದುಗರಿಗೆ ಒಂದು ಮಾತು. (ಈಗೆಲ್ಲರೂ ಸ್ಲ್ಯಾಬ್ ಹಾಕಿಸುತ್ತಿದ್ದೀರಿ, ಗೊತ್ತು.) ನಮ್ಮ ಕಡೆ ತೊಲೆಗಳ ಮೇಲೆ ಜಂತೆ, ಜಂತೆಯ ಮೇಲೆ ಕಟ್ಟಿಗೆ ಸೀಳು, ಅದರ ಮೇಲೆ ಮಣ್ಣು. ಬೇಸಿಗೆಗೆ ಎಷ್ಟು ತಂಪೆಂದರೆ ಫ್ಯಾನ್ ಬೇಡ. ಪ್ರತಿ ವರ್ಷ ಮಿರಗದ, ಅಂದರೆ ಮೃಗಶಿರಾ, ಮಳೆಗೆ ಮುಂಚೆ ಮೇಲೊಂದು ಪದರ ಉಪ್ಪಿನಂಶದ ಕರಲು ಮಣ್ಣು ಹಾಕಿ ಬಡಿಯಬೇಕು. ನೀರು ಒಳಗೆ ಇಳಿಯುವುದಿಲ್ಲ. ನನ್ನ ಅತ್ತೆಯವರು ಹಾಕಿಸುತ್ತಿದ್ದರು. ನಾನೂ ಹಾಕಿಸುತ್ತ ಬಂದೆ. ಹಳೆಯ ಪದರವನ್ನು ತೆಗೆಯಬೇಕೇ ಎಂದು ನಾನು ಯಾರನ್ನೂ ಕೇಳಲಿಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ನಿಚ್ಚಣಿಕೆ ಹತ್ತಿ ನೋಡಲಿಲ್ಲ. ನಮ್ಮವರು ಇದ್ದಿದ್ದರೆ ಹತ್ತುತ್ತಿದ್ದರೋ ಏನೋ. ಅವರಿಗೆ ಎತ್ತರದ ಜಾಗಗಳೆಂದರೆ ಚಿಕ್ಕ ಹುಡುಗರ ಹಾಗೆ ಆಸೆ.

ಈ ಕೆಲಸಕ್ಕೆ ನಮ್ಮಲ್ಲಿ ಬರುತ್ತಿದ್ದವನು ಫಕೀರಪ್ಪ. ಅವನಷ್ಟು ನಂಬಿಗಸ್ತ ಮನುಷ್ಯ ಹುನಗುಂದ ತಾಲ್ಲೂಕಿನಲ್ಲೇ ಇಲ್ಲ ಎಂದು ನಾನು ಎಷ್ಟು ಮನೆಗಳಿಗೆ ರೆಕಮೆಂಡ್ ಮಾಡಿದ್ದೇನೋ. ಎಂಟು ಗಂಟೆ ಎಂದರೆ ಎಂಟು ಗಂಟೆಗೆ ಬಂದು ನಿಲ್ಲುವನು. ಮಾತು ಕಡಿಮೆ. ಏನು ಹೇಳಿದರೂ ‘ಹೂಂರಿ ಅಕ್ಕಾರ’. ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೊಬ್ಬ ಸಿಸ್ಟರ್ ಇದ್ದರು. ಮನುಷ್ಯನನ್ನು ಅಳೆಯಬೇಕಾದರೆ ಅವನ ಉಗುರು ನೋಡಿ ಎನ್ನುತ್ತಿದ್ದರು. ಮಣ್ಣಿನ ಕೆಲಸ ಮಾಡುವ ಫಕೀರಪ್ಪನ ಉಗುರು ನಮ್ಮ ಶಾಲೆಯ ಕ್ಲಾರ್ಕ್‌ನ ಉಗುರಿಗಿಂತ ಸ್ವಚ್ಛವಾಗಿತ್ತು. ಇನ್ನೇನು ಬೇಕು?

ಈ ಸಲ ಬೇಸಿಗೆಯಲ್ಲೇ ಒಂದು ಅಡ್ಡಮಳೆ ಬಂತು. ಮಗ್ಗದ ಮೇಲೆ ಹನಿ ಬಿತ್ತು. ಫಕೀರಪ್ಪ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದ. ಕಾಯಲು ನನಗೆ ಸಹನೆಯಿಲ್ಲ. ಪರಿಚಯದವರು ಹೇಳಿದರೆಂದು ಕುಳಗೇರಿ ಕ್ರಾಸ್ ಕಡೆಯ ಹುಸೇನಸಾಬ ಎಂಬ ಗಾರೆ ಕೆಲಸದ ಗೌಂಡಿಯನ್ನು ಕರೆಸಿದೆ. ಪ್ರಾಪರ್ ಇಂಟರ್ವ್ಯೂ ಮಾಡಬೇಕೆಂದು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದೆ.

ಅವನು ಎರಡು ತಾಸು ತಡವಾಗಿ ಬಂದ. ಕಿವಿಯ ಮೇಲೆ ಬೀಡಿ. ಉಗುರಿನ ಸುದ್ದಿ ಬೇಡ. ನಮಸ್ಕಾರವೂ ಇಲ್ಲ. ಮಾಳಿಗೆಯನ್ನು ನೋಡಲೆಂದು ಕರೆಸಿದರೆ ಇವನು ಸೀದಾ ನೀಲವ್ವನ ಕೋಣೆಗೆ ಹೋಗಿ ನಿಂತ.

‘ಇಲ್ಲೆ ಯಾರ ಕುಂದರ್ತೀರಿ?’

‘ನಾನರಿ’ ಎಂದಳು ನೀಲವ್ವ.

‘ದಿನಾ ಎಷ್ಟೊತ್ತು?’

‘ಮುಂಜಾನಿಂದ ಸಂಜೀತನಕ. ಮಗ್ಗ ಹೊತ್ಕೊಂಡು ತಿರಗಾಕ ಬರ್ತೈತೇನ್ರಿ?’

‘ಈ ತೊಟ್ಟಲಾ?’

‘ನಮ್ಮ ಕೂಸಿಂದು.’

ಅವನು ತೊಟ್ಟಿಲಿನ ಹಗ್ಗವನ್ನೇ ಹಿಡಿದುಕೊಂಡು ಮೇಲೆ ನೋಡುತ್ತ ನಿಂತ. ನನಗೆ ರೇಗಿತು. ಸೋರುವುದು ಮಾಳಿಗೆ, ಕೂಸಿನ ವಿಚಾರಣೆ ಯಾಕೆ?

ಆಮೇಲೆ ಹಾರೆ ತೆಗೆದುಕೊಂಡು ಮೇಲೆ ಹತ್ತಿದ. ಇಳಿದು ಬಂದಾಗ ಹಾರೆಯ ಮೇಲೆ ಮಣ್ಣಿನ ಗುರುತನ್ನು ನನಗೆ ತೋರಿಸಿದ. ‘ಒಂದು ಗೇಣು ಇರಬೇಕಾದಲ್ಲೆ ಮೂರು ಗೇಣು ಮಣ್ಣೈತ್ರಿ ಅಕ್ಕಾರ. ಮಾಳಗಿ ಸೋರಾಕತ್ತಿಲ್ಲ, ಬಗ್ಗಾಕತ್ತೈತಿ. ಬಗ್ಗಿದಲ್ಲೆ ನೀರು ನಿಂದರತೈತಿ. ಅಷ್ಟೂ ಮಣ್ಣು ಇಳಸಬೇಕು. ತೊಲಿ ಎರಡು ಬದಲ ಮಾಡಬೇಕು. ಆಮ್ಯಾಗ ಹೊಸ ಮಣ್ಣು.’

‘ಅಷ್ಟೂ ಅಂದರೆ?’

‘ಅಷ್ಟೂರಿ. ಹದಿನೈದು ದಿನ ಮನಿ ಖಾಲಿ ಮಾಡ್ರಿ.’

ನೀವೇ ಹೇಳಿ. ಅಂಗಿಯ ಗುಂಡಿ ಕಿತ್ತುಹೋದರೆ ಅಂಗಿಯನ್ನೇ ಬಿಚ್ಚಿ ಮತ್ತೆ ಹೊಲಿಯುತ್ತೇನೆ ಎನ್ನುವ ದರ್ಜಿಯನ್ನು ನೀವು ನಂಬುತ್ತೀರಾ? ಕೆಲಸ ದೊಡ್ಡದು ಮಾಡುವ ಇಂಥವರ ಕಥೆ ಎಷ್ಟು ಕೇಳಿಲ್ಲ? ಸಾಗವಾನಿ ತೊಲೆ ಇಳಿಸಿ, ಹುಳ ತಿಂದಿದೆ ಎಂದು ಹೇಳಿ, ಸಾಗಿಸಿಬಿಡುತ್ತಾರಂತೆ. ‘ಥ್ಯಾಂಕ್ಯೂ, ನೀವಿನ್ನು ಹೋಗಬಹುದು’ ಎಂದೆ.

ಅವನಿಗೆ ಬೇಜಾರೂ ಆಗಲಿಲ್ಲ. ಬೀಡಿ ಹಚ್ಚಿಕೊಂಡ. ‘ಹೋಗ್ತೇನ್ರಿ. ನನ್ನ ಕರೀಬ್ಯಾಡ್ರಿ, ಬ್ಯಾರೇದವ್ರ ಕೈಲೆರ ಮಾಡಸ್ರಿ. ಖರೆ, ಮ್ಯಾಲೆ ಮತ್ತ ಮಣ್ಣು ಹಾಕಸಬ್ಯಾಡ್ರಿ.’

ಹೋಗುವಾಗ ನೀಲವ್ವನ ಬಾಗಿಲಲ್ಲಿ ಒಂದು ನಿಮಿಷ ನಿಂತ. ಏನೋ ಹೇಳಿದ. ನೀರು ಕೇಳಿರಬೇಕು ಎಂದುಕೊಂಡೆ.

ಆಮೇಲೆ ಫಕೀರಪ್ಪ ಬಂದ. ದೇವರು ಬಂದಷ್ಟು ಸಂತೋಷವಾಯಿತು. ಎಂದಿನಂತೆ ಚಕ್ಕಡಿಯಲ್ಲಿ ಕರಲು ಮಣ್ಣು ಬಂತು. ಆದರೆ ಹುಸೇನಸಾಬನ ಭೇಟಿಯಿಂದ ನನ್ನ ಮನಸ್ಸಿನಲ್ಲಿ ಸಂಶಯ ಹೊಕ್ಕಿತ್ತು ನೋಡಿ. ಮೋಸ ಎಲ್ಲಿಂದ ಬೇಕಾದರೂ ಬರಬಹುದು. ಎಂದೂ ಕೆಲಸದ ಹತ್ತಿರ ಸುಳಿಯದವಳು ಈ ವರ್ಷ ನಿಚ್ಚಣಿಕೆಯ ಬುಡದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತೆ. ಕೂತಿದ್ದರಿಂದ ಕಂಡಿತು. ಫಕೀರಪ್ಪ ಬುಟ್ಟಿಯನ್ನು ಅರ್ಧವೇ ತುಂಬುತ್ತಿದ್ದ.

‘ಏನಪಾ, ಅರ್ಧ ಬುಟ್ಟಿ?’

‘ವಯಸ್ಸಾತ್ರಿ ಅಕ್ಕಾರ.’

‘ವಯಸ್ಸಾದರೆ ಇನ್ನೊಬ್ಬರನ್ನು ಕರೆದುಕೊಂಡು ಬಾ. ಕೆಲಸದಲ್ಲಿ ಕಳ್ಳತನ ಬೇಡ. ಬುಟ್ಟಿ ತುಂಬು.’

ಅವನು ನನ್ನ ಮುಖ ನೋಡಿದ. ‘ಹೂಂರಿ’ ಎಂದ. ಬುಟ್ಟಿ ತುಂಬಿದ. ಸಂಜೆಯವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಮಲಗುವಾಗ ಎಷ್ಟು ತೃಪ್ತಿ ಅಂತೀರಿ. ಸೂಪರ್ವಿಷನ್ ಎಂದರೆ ಹೀಗಿರಬೇಕು.

ಕಳೆದ ಸೋಮವಾರ ಮಿರಗದ ಮಳೆ ಚೆನ್ನಾಗಿ ಹೊಡೆಯಿತು. ಒಂದು ಹನಿಯೂ ಸೋರಲಿಲ್ಲ. ಮಂಗಳವಾರ ಬಿಸಿಲು ಬಿತ್ತು. ಅಂಗಳದ ಬೇವಿನ ಗಿಡಕ್ಕೆ ಕಟ್ಟಿದ್ದ ತೊಟ್ಟಿಲಿನ ಮೇಲೆ ಬಿಸಿಲು ಬಂದಿತ್ತು. ಎರಡು ವಾರದಿಂದ ಈ ಹುಚ್ಚಾಟ ನೋಡುತ್ತಿದ್ದೆ. ತಂಪಾದ ಕೋಣೆ ಬಿಟ್ಟು ಕೂಸು ಹೊರಗೆ ಯಾಕೆ? ಆ ದಿನ ತಡೆಯಲಾಗಲಿಲ್ಲ. ‘ನೀಲವ್ವಾ, ಕೆಲಸ ಬಿಟ್ಟು ಇಲ್ಲಿ ಬಾ’ ಎಂದು ಕೂಗಿದೆ. ಲಾಳಿ ನಿಂತಿತು. ಅವಳು ಕುಣಿಯಿಂದೆದ್ದು ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ತಾಯ್ತನದ ಬಗ್ಗೆ ನಾನು ಲೆಕ್ಚರ್ ಶುರುಮಾಡಿದೆ.

ಮುಂದಿನದು ನಿಮಗೆ ಗೊತ್ತು.

ಧೂಳು ಇಳಿದ ಮೇಲೂ ನೀಲವ್ವ ಅಳಲಿಲ್ಲ. ಕೂಸನ್ನು ಎತ್ತಿ ಎದೆಗೆ ಹಿಡಿದುಕೊಂಡು ಮಗ್ಗವಿದ್ದ ಜಾಗವನ್ನು ನೋಡಿದಳು. ‘ಅಂವ ಹೇಳಿದ್ದನ್ರಿ’ ಎಂದಳು.

‘ಯಾರು?’

‘ಕುಳಗೇರಿ ಕ್ರಾಸಿನಾಂವ. ಯವ್ವಾ, ತೊಟ್ಟಲಾ ಮೊದಲ ಬಿಚ್ಚು ಅಂದ. ಸಾಧ್ಯ ಆದ್ರ ಮಗ್ಗಾನೂ ಬಿಡು ಅಂದ. ಮಗ್ಗ ಬಿಟ್ರ ಉಣ್ಣೂದೇನು? ಕೂಸಿನ ಹೊರಗ ಕಟ್ಟಿ ನಾ ಒಳಗ ಕುಂದರ್ತಿದ್ದೆ.’

 ಹದಿನೈದು ದಿನ ಈ ಹುಡುಗಿ ತಲೆಯ ಮೇಲೆ ಏನಿದೆ ಎಂದು ತಿಳಿದೂ ಲಾಳಿ ಎಸೆಯುತ್ತಿದ್ದಳು. ನಾನು ಗೋಡೆಯ ಈಚೆ ಕೂತು ಆ ಸದ್ದಿಗೆ ಪೇಪರ್ ಓದುತ್ತಿದ್ದೆ.

‘ನನಗ್ಯಾಕೆ ಹೇಳಲಿಲ್ಲ ನೀನು?’

‘ಹೇಳಿದ್ರ, ಅಷ್ಟು ಅಂಜಿಕಿ ಇದ್ರ ಮನಿ ಬಿಡು ಅಂತಿದ್ರಿ.’

‘ನಾನು ಹಾಗೆ ಅನ್ನುವವಳೇ?’

ಅವಳು ಕೂಸಿನ ತಲೆಯ ಮೇಲಿನ ಧೂಳು ಒರೆಸಿದಳು. ಆಮೇಲೆ, ನನ್ನ ಮುಖ ನೋಡಿ ಮರುಕವೆನಿಸಿತೋ ಏನೋ, ಸ್ವಲ್ಪ ನಕ್ಕಳು. ‘ಹೋಗ್ಲಿ ಬಿಡ್ರಿ ಅಕ್ಕಾರ. ನೀವು ಬೈಯಾಕ ಕರದ್ರಿ, ಅದಕ್ಕ ಉಳದೆ. ಇನ್ನ ಮ್ಯಾಲೆ ದಿನಾ ಬೈರಿ.’

ಇಂಥ ಜೋಕಿಗೆ ನಗುವುದು ಹೇಗೆ?

ಮಧ್ಯಾಹ್ನ ಸುದ್ದಿ ಕೇಳಿ ಫಕೀರಪ್ಪ ಓಡಿ ಬಂದ. ‘ಕೂಸು?’ ಎಂದ. ಇದೆ ಎಂದೆ. ‘ನೀಲವ್ವ?’ ಇದ್ದಾಳೆ ಎಂದೆ. ಅಂಗಳದಲ್ಲೇ ಕುಕ್ಕರಿಸಿ ಕೂತುಬಿಟ್ಟ. ನನ್ನ ಸಿಟ್ಟಿಗೆ ಒಬ್ಬರು ಬೇಕಾಗಿತ್ತು. ಅವನ ಮೇಲೆ ಹರಿಹಾಯ್ದೆ. ಇಷ್ಟು ವರ್ಷ ಮೇಲೆ ಹತ್ತಿದವನು ನೀನು, ಮಣ್ಣು ಏರಿದ್ದು ನಿನಗೆ ಕಾಣಲಿಲ್ಲವೇ?

‘ಕಂಡೈತ್ರಿ.’

‘ಮತ್ತೆ?’

‘ಹೇಳಿದ್ದೆನ್ರಿ. ನಿಮಗ ನೆನಪಿಲ್ಲ. ನೀವಿನ್ನೂ ಸಾಲಿಗೆ ಹೋಗ್ತಿದ್ರಿ. ಈ ವರ್ಷ ಹಾಕೂದು ಬ್ಯಾಡ್ರಿ, ಹಳೇದು ಇಳಸೂಣ್ರಿ ಅಂದೆ. ಗಡಬಡಿಯೊಳಗ ಇದ್ರಿ. ಮೈಗಳ್ಳರ ನೆಪ ನನ್ನ ಮುಂದ ಹೇಳಬ್ಯಾಡ, ಆಗಲಿಲ್ಲ ಅಂದ್ರ ಬ್ಯಾರೇದವ್ರನ್ನ ಕರಸ್ತೇನಿ ಅಂದ್ರಿ.’

ನೆನಪಿಲ್ಲ. ಖಂಡಿತ ನೆನಪಿಲ್ಲ. ಆದರೆ ಅವನು ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತಾಯಿತು. ವಾಕ್ಯ ನನ್ನದೇ. ಕ್ಲಾಸಿನಲ್ಲಿ ಎಷ್ಟು ಹುಡುಗಿಯರಿಗೆ ಅಂದಿದ್ದೇನೋ.

‘ಅದಕ್ಕೆ ಸುಮ್ಮನಾದೆಯಾ?’

‘ನಾ ಬಿಟ್ರ ಬ್ಯಾರೇದಾಂವ ಬರ್ತಿದ್ದ. ಅಂವ ಬುಟ್ಟಿ ತುಂಬಿ ಹಾಕ್ತಿದ್ದ.’ ಹಿತ್ತಲ ಕಡೆ ಕೈ ತೋರಿಸಿ ಹೇಳಿದ. ‘ನಾ ಅರ್ಧ ಬುಟ್ಟಿ ಹಾಕ್ತಿದ್ದೆನ್ರಿ. ಆ ವರ್ಷದಿಂದ ಪ್ರತಿ ವರ್ಷ ಅರ್ಧಾನ. ಉಳದ ಮಣ್ಣು ಹಿತ್ತಲ ಹಳ್ಳಕ್ಕ ಚೆಲ್ಲತಿದ್ದೆ. ನಿಮಗ ಮೋಸ ಮಾಡೇನ್ರಿ, ಖರೆ. ಈ ವರ್ಷ ನೀವು ಕುರ್ಚಿ ಹಾಕ್ಕೊಂಡು ಕುಂತ್ರಿ.’

ಓದುಗರೇ, ನನ್ನ ಅರವತ್ತೆಂಟು ವರ್ಷದಲ್ಲಿ ಇಷ್ಟು ಮೆದುವಾದ ದನಿಯಲ್ಲಿ ಯಾರೂ ನನ್ನ ಕಪಾಳಕ್ಕೆ ಹೊಡೆದಿಲ್ಲ. ಇಷ್ಟು ವರ್ಷ ನನ್ನ ಮಾಳಿಗೆಯನ್ನು ಹಿಡಿದು ನಿಲ್ಲಿಸಿದ್ದು ಅವನ ಮೋಸ. ಕೆಡವಿದ್ದು ನನ್ನ ಸೂಪರ್ವಿಷನ್.

ಹುಸೇನಸಾಬನಿಗೆ ಹೇಳಿಕಳಿಸಿದೆ. ಬರುತ್ತಾನೋ ಇಲ್ಲವೋ ಎಂದು ಅಂಜಿಕೆ. ಮರುದಿನವೇ ಬಂದ, ಮತ್ತೆ ತಡವಾಗಿ. ನಾನು ಸಾರಿ ಕೇಳಲು ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು ವಾಕ್ಯ ಸಿದ್ಧಮಾಡಿಕೊಂಡಿದ್ದೆ. ಅವನು ಕೇಳಿಸಿಕೊಳ್ಳಲು ನಿಲ್ಲಲೇ ಇಲ್ಲ. ಉಳಿದ ಕೋಣೆಗಳ ಕೆಳಗೆ ಒಂದೊಂದಾಗಿ ನಿಂತು ಮೇಲೆ ನೋಡಿದ. ನನ್ನ ಮಂಚದ ಹತ್ತಿರ ಬಂದು, ‘ಇಲ್ಲೆ ಯಾರ ಮಲಗ್ತೀರಿ?’ ಎಂದ.

‘ನಾನು.’

‘ಇವತ್ತ ಮಂಚ ಪಡಸಾಲಿಗೆ ಹಾಕ್ಕೊರಿ.’

‘ಹೂಂರಿ’ ಎಂದೆ.

ಈಗ ಫಕೀರಪ್ಪ ಮತ್ತು ಅವನು ಕೂಡಿ ಮಣ್ಣು ಇಳಿಸುತ್ತಿದ್ದಾರೆ. ಅಂಗಳದ ತುಂಬ ನನ್ನ ಮೂವತ್ತು ಮಳೆಗಾಲದ ಮಣ್ಣು ಬಿದ್ದಿದೆ. ಅದರ ಪಕ್ಕದಲ್ಲಿ ನಡೆದು ಬಚ್ಚಲಿಗೆ ಹೋಗುವಾಗ ಕಣ್ಣು ಬೇರೆ ಕಡೆ ತಿರುಗಿಸುತ್ತೇನೆ. ನೀಲವ್ವನ ಮಗ್ಗವನ್ನು ಹೊರತೆಗೆದಿದ್ದಾರೆ. ಮುಕ್ಕಾಲು ನೇಯ್ದಿದ್ದ ಸೀರೆ ಹಾಳಾಗಿದೆ. ಮಗ್ಗ ರಿಪೇರಿಯಾಗುವವರೆಗೆ ಅವಳು ಕೂಸಿನೊಂದಿಗೆ ಪಡಸಾಲೆಯಲ್ಲಿ ನನ್ನ ಮಂಚದ ಪಕ್ಕದಲ್ಲೇ ಇದ್ದಾಳೆ. ನಿನ್ನೆ ಚಹಾ ಕುಡಿಯುವಾಗ ಹಟಕ್ಕೆ ಬಿದ್ದು ಅವಳನ್ನು ಮತ್ತೆ ಕೇಳಿದೆ. ನಾನು ನಿಜವಾಗಿಯೂ ಮನೆ ಬಿಡು ಎನ್ನುತ್ತಿದ್ದೆನೇ?

‘ಗೊತ್ತಿಲ್ಲರಿ ಅಕ್ಕಾರ’ ಎಂದಳು. ‘ಕೂಸಿನ ಇಟಗೊಂಡು ಯಾರು ಕೇಳಿ ನೋಡಬೇಕು?’

ಗೌಂಡಿ ನಂಬಿಗಸ್ತನೇ ಎಂದು ನಾನು ಕನ್ನಡಕ ಹಾಕಿಕೊಂಡು ಇಂಟರ್ವ್ಯೂ ಮಾಡಿದೆ. ಮನೆಯೊಡತಿ ನಂಬಿಗಸ್ತಳೇ ಎಂದು ಆ ಮೂವರು ಯಾರನ್ನು ಕೇಳಬೇಕಿತ್ತು?